ಬೆಕ್ಕಿನ ಜೀನೋಮ್ ಓದುವುದು ಹೇಗೆ: ಮೊದಲು ಬಣ್ಣ, ಆಮೇಲೆ ರೋಗ

ಬೆಕ್ಕಿನ ಜೀನೋಮ್ ಡೇಟಾ, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ರೋಗದ ಜೀನ್‌ಗಳ ಕಡೆ ಓಡುತ್ತಾರೆ. ಆ ಆತಂಕ ಸಹಜ. ಆದರೆ ನಾನು ಯಾರಿಗೆ ಈ ಕೆಲಸ ಹೇಳಿಕೊಟ್ಟರೂ ಮೊದಲು ತುಪ್ಪಳದ ಬಣ್ಣವನ್ನೇ ಹುಡುಕಿಸುತ್ತೇನೆ. ಬಣ್ಣದ ಉತ್ತರ ನಿಮಗೆ ಮೊದಲೇ ಗೊತ್ತು, ಅದು ಕಣ್ಣೆದುರೇ ಓಡಾಡುತ್ತಿರುತ್ತದೆ. ಕಂಪ್ಯೂಟರ್ ಹೇಳಿದ್ದು ಆ ಬಣ್ಣಕ್ಕೆ ಹೊಂದದಿದ್ದರೆ, ಅದು ಹೃದಯದ ಬಗ್ಗೆ ಹೇಳಿದ್ದನ್ನು ನಂಬುವುದಾದರೂ ಹೇಗೆ?

ಉದಾಹರಣೆಗೆ ನನ್ನ ಬೆಕ್ಕು ಚುಕ್ಕಿಯನ್ನೇ ಇಟ್ಟುಕೊಳ್ಳುತ್ತೇನೆ. ಗಿಡ್ಡ ಕೂದಲಿನ ಹೆಣ್ಣು ಬೆಕ್ಕು. ಹೊಟ್ಟೆ, ಕಾಲು, ಕತ್ತು ಬಿಳಿ. ಬೆನ್ನ ಮೇಲೆ ಬೂದು ಮತ್ತು ತಿಳಿ ಕೆನೆಬಣ್ಣದ ತೇಪೆಗಳು. ಬೂದು ತೇಪೆಗಳಲ್ಲಿ ಪಟ್ಟೆಯಿಲ್ಲ, ಒಂದೇ ಬಣ್ಣ. ಇಂಥ ಬೆಕ್ಕನ್ನು ಡೈಲ್ಯೂಟ್ ಕ್ಯಾಲಿಕೊ ಅನ್ನುತ್ತಾರೆ. ನೀವೂ ಶುರು ಮಾಡುವ ಮೊದಲು ನಿಮ್ಮ ಬೆಕ್ಕಿನ ಬಗ್ಗೆ ಹೀಗೇ ಬರೆದಿಡಿ: ಗಂಡೋ ಹೆಣ್ಣೋ, ಕೂದಲು ಉದ್ದವೋ ಗಿಡ್ಡವೋ, ಪಟ್ಟೆ ಇದೆಯಾ, ಬಿಳಿ ಎಲ್ಲೆಲ್ಲಿದೆ, ಬಾಲ ಹೇಗಿದೆ. ಬೆಳಕಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಮುಂದೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಬೆಕ್ಕಿಲ್ಲದಿದ್ದರೂ ಪರವಾಗಿಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಲೆಸ್ಲಿ ಲಯನ್ಸ್ ಮುಂದಾಳತ್ವದ 99 ಲೈವ್ಸ್ ಯೋಜನೆ ಬೆಕ್ಕುಗಳ ಪೂರ್ತಿ ಜೀನೋಮ್‌ಗಳನ್ನು ಓದಿಸುತ್ತಾ ಬಂದಿದೆ. ಆ ಡೇಟಾದಲ್ಲಿ ಬಹಳಷ್ಟು ಎನ್‌ಸಿಬಿಐ ಎಂಬ ಅಮೆರಿಕದ ಸರ್ಕಾರಿ ಸಂಸ್ಥೆಯ ಎಸ್‌ಆರ್‌ಎ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿ ಸಾಕುಬೆಕ್ಕಿನ ವೈಜ್ಞಾನಿಕ ಹೆಸರಾದ ಫೆಲಿಸ್ ಕ್ಯಾಟಸ್ ಎಂದು ಹುಡುಕಿ, ಪೂರ್ತಿ ಜೀನೋಮ್ ಓದಿಸಿದ ಮಾದರಿಗಳನ್ನು ಮಾತ್ರ ಉಳಿಸಿಕೊಂಡು, ತಳಿ ಮತ್ತು ಬಣ್ಣ ದಾಖಲಾಗಿರುವ ಒಂದನ್ನು ಆರಿಸಿಕೊಳ್ಳಿ. ಕಲಿಯುವುದಕ್ಕೆ ಅಷ್ಟು ಸಾಕು.

ಮಾದರಿ ತೆಗೆಯುವುದು

ಕೆನ್ನೆಯ ಒಳಭಾಗವನ್ನು ಬ್ರಶ್‌ನಿಂದ ಉಜ್ಜಿ ತೆಗೆಯುವ ಸ್ವಾಬ್ ಸುಲಭ, ಬೆಕ್ಕಿಗೂ ಜಾಸ್ತಿ ಕಾಟವಿಲ್ಲ. ಗೊತ್ತಿರುವ ಕೆಲವು ಜಾಗಗಳನ್ನಷ್ಟೇ ನೋಡುವ ಜೀನ್ ಪರೀಕ್ಷೆಗೆ ಅದು ಸಾಕು. ಪೂರ್ತಿ ಜೀನೋಮ್‌ಗೆ ನನಗೆ ಅದು ಇಷ್ಟವಿಲ್ಲ. ಬಾಯಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ, ತಿಂದ ಮೀನು ಕೋಳಿಯ ಡಿಎನ್‌ಎ ಕೂಡ ಸೇರಿರುತ್ತದೆ. ಬೇರೆ ದಾರಿಯಿಲ್ಲದೆ ಸ್ವಾಬ್ ತೆಗೆಯುವುದಾದರೆ, ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಊಟ ಕೊಡಬೇಡಿ. ಒಂದನ್ನೊಂದು ನೆಕ್ಕುವ ಬೆಕ್ಕುಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿಡಿ. ಹಾಲು ಕುಡಿಯುವ ಮರಿಯಾದರೆ ಇನ್ನೂ ಎಚ್ಚರ ಬೇಕು, ತಾಯಿಯ ಜೀವಕೋಶಗಳೇ ಮರಿಯ ಬಾಯಲ್ಲಿ ಇರಬಹುದು. ತೆಗೆದ ಬ್ರಶ್ ಚೆನ್ನಾಗಿ ಒಣಗಿದ ಮೇಲೆ ಕಾಗದದ ಲಕೋಟೆಯಲ್ಲಿಡಿ. ಒದ್ದೆಯಾಗಿ ಪ್ಲಾಸ್ಟಿಕ್‌ಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ.

ರಕ್ತ ಇದಕ್ಕಿಂತ ಒಳ್ಳೆಯದು. ಪಶುವೈದ್ಯರು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ತೆಗೆದ 1–2 ಮಿಲಿಲೀಟರ್ ಸಾಕು. ಸಸ್ತನಿಗಳ ಕೆಂಪು ರಕ್ತಕಣಗಳಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ನಿಮಗೆ ಸಿಗುವ ಡಿಎನ್‌ಎ ಎಲ್ಲ ಬಿಳಿ ಕಣಗಳದ್ದು. ಆದರೆ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಸುಮ್ನೆ ನಮ್ಮ ಕುತೂಹಲಕ್ಕೆ ಬೆಕ್ಕಿಗೆ ಸೂಜಿ ಚುಚ್ಚಿಸಬೇಡಿ. ಬೇರೆ ಪರೀಕ್ಷೆಗೆ ರಕ್ತ ತೆಗೆಯುವಾಗ ಸ್ವಲ್ಪ ಉಳಿಸಿಕೊಡಿ ಎಂದು ಕೇಳಿ.

ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಮರಿಯಾಗದಂತೆ ಮಾಡುವ ಆಪರೇಷನ್‌ನಲ್ಲಿ ತೆಗೆದ ಅಂಡಾಶಯ ಅಥವಾ ವೃಷಣ ಹೇಗೂ ಕಸಕ್ಕೆ ಹೋಗುತ್ತದೆ. ಡಿಎನ್‌ಎ ಮಟ್ಟಿಗೆ ಅದು ದೊಡ್ಡ ನಿಧಿ. ಚುಕ್ಕಿಯ ಮಾದರಿ ಬಂದಿದ್ದು ಹಾಗೆಯೇ. ವೈದ್ಯರಿಗೆ ಮೊದಲೇ ಹೇಳಿಡಿ: ಫಾರ್ಮಲಿನ್‌ಗೆ ಮಾತ್ರ ಹಾಕಬಾರದು, ತಕ್ಷಣ ಫ್ರೀಜ್ ಮಾಡಬೇಕು. ಫಾರ್ಮಲಿನ್ ಡಿಎನ್‌ಎಯನ್ನು ಹಾಳು ಮಾಡುತ್ತದೆ.

ಎಷ್ಟು ಓದಿಸಬೇಕು

ಬೆಕ್ಕಿನ ಜೀನೋಮ್ ಸುಮಾರು 250 ಕೋಟಿ ಬೇಸ್‌ಗಳಷ್ಟು, ಅಂದರೆ ಡಿಎನ್‌ಎಯ ಅಕ್ಷರಗಳಷ್ಟು ಉದ್ದ. ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದಿಸುವುದಕ್ಕೆ 30 ಪಟ್ಟು ಕವರೇಜ್ ಅನ್ನುತ್ತಾರೆ. ಅಂದರೆ 7,500 ಕೋಟಿ ಬೇಸ್. ಡಿಎನ್‌ಎ ತುಣುಕಿನ ಎರಡು ತುದಿಗಳಿಂದ ತಲಾ 150 ಬೇಸ್ ಓದುವ ಯಂತ್ರವಾದರೆ ಸುಮಾರು 25 ಕೋಟಿ ಜೋಡಿ ರೀಡ್‌ಗಳು. ಯಂತ್ರ ಒಂದು ಸಲಕ್ಕೆ ಓದಿದ ಚೂರಿಗೆ ರೀಡ್ ಅನ್ನುತ್ತಾರೆ. ಲ್ಯಾಬ್‌ಗೆ ಆರ್ಡರ್ ಕೊಡುವಾಗ ಈ ಲೆಕ್ಕ ನಿಮ್ಮ ಕೈಯಲ್ಲಿರಲಿ, ಬಂದ ಫೈಲ್ ಸರಿಯಿದೆಯಾ ಎಂದು ನೋಡಲು ಬೇಕಾಗುತ್ತದೆ. ಒಂದೇ ಬೆಕ್ಕನ್ನು ಕೂಲಂಕಷವಾಗಿ ನೋಡುವುದಾದರೆ 30 ಪಟ್ಟಿಗೆ ಕಡಿಮೆ ಮಾಡಬೇಡಿ. ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತವೆ ಅಲ್ವಾ, ಕವರೇಜ್ ಕಡಿಮೆಯಾದರೆ ಒಂದು ಪ್ರತಿ ಕಣ್ಣಿಗೆ ಬೀಳದೇ ಹೋಗುತ್ತದೆ. ಬೆಕ್ಕಿನ ಮೊದಲ ಕರಡು ಜೀನೋಮ್ 2007ರಲ್ಲಿ ಪ್ರಕಟವಾದಾಗ ಅದರ ಕವರೇಜ್ 1.9 ಪಟ್ಟು ಮಾತ್ರ. ಅಷ್ಟರಲ್ಲೇ 20,285 ಜೀನ್‌ಗಳನ್ನು ಗುರುತಿಸಿದರು.

ಡಿಸ್ಕ್‌ನಲ್ಲಿ 500 ಜಿಬಿ ಜಾಗ ಖಾಲಿ ಇಟ್ಟುಕೊಳ್ಳಿ. 16 ಜಿಬಿ ಮೆಮೊರಿಯ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಕೆಲಸ ನಿಧಾನವಾದರೂ ಮುಗಿಯುತ್ತದೆ.

ರೆಫರೆನ್ಸ್ ಕೂಡ ಒಂದು ಬೆಕ್ಕೇ

ಬಂದ ರೀಡ್‌ಗಳನ್ನು ಯಾವುದಕ್ಕೆ ಹೋಲಿಸಿ ಜೋಡಿಸುತ್ತೇವೋ ಅದು ರೆಫರೆನ್ಸ್ ಜೀನೋಮ್. 2007ರ ಕರಡು ಸಿನಮನ್ ಎಂಬ ಅಬಿಸಿನಿಯನ್ ಹೆಣ್ಣು ಬೆಕ್ಕಿನದ್ದು. ಅವಳು ಮಿಸೌರಿ ವಿಶ್ವವಿದ್ಯಾಲಯದಲ್ಲಿದ್ದ, ಅನುವಂಶಿಕ ಕುರುಡುತನದ ಅಧ್ಯಯನಕ್ಕೆ ಸಾಕಿದ ವಂಶದವಳು. ಫೆಲಿಸ್ ಕ್ಯಾಟಸ್ 9.0 ಎಂಬ ಆವೃತ್ತಿಯೂ ಅವಳದ್ದೇ, ಆದರೆ ಪ್ಯಾಕ್‌ಬಯೋ ಯಂತ್ರದ ಉದ್ದ ರೀಡ್‌ಗಳಿಂದ ಕಟ್ಟಿದ್ದು. 2021ರಲ್ಲಿ ಬಂದ ಎಫ್‌ಸಿಎ126 ಇನ್ನೂ ಅಚ್ಚುಕಟ್ಟು. ಸಾಕುಬೆಕ್ಕು ಮತ್ತು ಏಷ್ಯಾದ ಚಿರತೆಬೆಕ್ಕಿಗೆ ಹುಟ್ಟಿದ ಮರಿಯ ಡಿಎನ್‌ಎ ಓದಿ, ತಾಯಿಯ ಪಾಲನ್ನೂ ತಂದೆಯ ಪಾಲನ್ನೂ ಬೇರ್ಪಡಿಸಿ ಅದನ್ನು ಕಟ್ಟಿದರು. ಎರಡು ಬೇರೆ ಪ್ರಭೇದಗಳಾದ್ದರಿಂದ ಯಾವ ರೀಡ್ ಯಾರದ್ದು ಎಂದು ಸುಲಭವಾಗಿ ಗೊತ್ತಾಗುತ್ತಿತ್ತು. ಎಷ್ಟು ಒಳ್ಳೆಯ ಉಪಾಯ! ಹೊಸದಾಗಿ ಶುರು ಮಾಡುವವರು ಇದನ್ನೇ ಬಳಸಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ರೆಫರೆನ್ಸ್ ಅಂದರೆ ಆದರ್ಶ ಬೆಕ್ಕಲ್ಲ, ಆರೋಗ್ಯದ ಪ್ರಮಾಣಪತ್ರವೂ ಅಲ್ಲ. ಅದೂ ಒಂದು ಬೆಕ್ಕು, ಅದರಲ್ಲೂ ಅದರದ್ದೇ ಆದ ಬದಲಾವಣೆಗಳಿವೆ. ರೆಫರೆನ್ಸ್‌ಗಿಂತ ಬೇರೆಯಾಗಿರುವ ಜಾಗಗಳಿಗೆ ವೇರಿಯಂಟ್ ಅನ್ನುತ್ತೇವೆ. ವೇರಿಯಂಟ್ ಎಂದರೆ ದೋಷ ಎಂದಲ್ಲ.

ಕ್ರೋಮೋಸೋಮ್‌ಗಳ ಹೆಸರು ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಮನುಷ್ಯರಲ್ಲಿ 1, 2, 3 ಎಂದು ಹೋಗುತ್ತದೆ. ಬೆಕ್ಕಿಗೆ ಎ1ರಿಂದ ಎ3, ಬಿ1ರಿಂದ ಬಿ4, ಸಿ1, ಸಿ2, ಡಿ1ರಿಂದ ಡಿ4, ಇ1ರಿಂದ ಇ3, ಎಫ್1, ಎಫ್2. ಹೀಗೆ 18 ಜೋಡಿ, ಅದರ ಜೊತೆ ಎಕ್ಸ್ ಮತ್ತು ವೈ. ಒಟ್ಟು 38 ಕ್ರೋಮೋಸೋಮ್. ಎನ್‌ಸಿಬಿಐ ಫೈಲ್‌ನಲ್ಲಿ ಇದೇ ಎ1ಕ್ಕೆ ಉದ್ದನೆಯ ಸಂಖ್ಯೆಯ ಹೆಸರು ಇರುತ್ತದೆ, ಬೇರೆ ಕಡೆ ಎ1 ಎಂದೇ ಇರುತ್ತದೆ. ಜೀನೋಮ್ ಫೈಲ್ ಒಂದು ಕಡೆಯಿಂದ, ಜೀನ್ ಪಟ್ಟಿ ಇನ್ನೊಂದು ಕಡೆಯಿಂದ ತಂದರೆ ಹೆಸರು ಹೊಂದದೆ ಫಲಿತಾಂಶ ಖಾಲಿ ಬರುತ್ತದೆ. ಎರಡನ್ನೂ ಒಂದೇ ಕಡೆಯಿಂದ, ಒಂದೇ ಆವೃತ್ತಿಯದ್ದು ತನ್ನಿ.

ಜೋಡಣೆ

ಈ ಭಾಗ ಬೇರೆ ಯಾವ ಪ್ರಾಣಿಗಾದರೂ ಒಂದೇ, ಬೇಗ ಮುಗಿಸುತ್ತೇನೆ. ಫಾಸ್ಟ್‌ಪಿ ಎಂಬ ಪ್ರೋಗ್ರಾಂನಿಂದ ರೀಡ್‌ಗಳ ಗುಣಮಟ್ಟ ನೋಡಿ, ತುದಿಯ ಅಡಾಪ್ಟರ್ (ಓದಿಸಲು ಲ್ಯಾಬ್‌ನವರು ಅಂಟಿಸಿದ ಡಿಎನ್‌ಎ ಚೂರು) ಕತ್ತರಿಸಿ. ಬಿಡಬ್ಲ್ಯೂಎ ಎಂಬ ಜೋಡಣೆಯ ಪ್ರೋಗ್ರಾಂನಲ್ಲಿ ರೆಫರೆನ್ಸ್‌ಗೆ ಇಂಡೆಕ್ಸ್ ಮಾಡಿ, ಅದರ ಮೆಮ್ ವಿಧಾನದಲ್ಲಿ ರೀಡ್‌ಗಳನ್ನು ಜೋಡಿಸಿ. ಸ್ಯಾಮ್‌ಟೂಲ್ಸ್‌ನಲ್ಲಿ ಸಾಲಾಗಿಸಿ, ಒಂದೇ ತುಣುಕಿನಿಂದ ಮತ್ತೆ ಮತ್ತೆ ಬಂದ ನಕಲು ರೀಡ್‌ಗಳಿಗೆ ಗುರುತು ಹಾಕಿ. ಈಗ ನಿಮ್ಮ ಬಳಿ ಬ್ಯಾಮ್ ಫೈಲ್, ಅಂದರೆ ಜೋಡಿಸಿದ ರೀಡ್‌ಗಳ ಫೈಲ್ ಇದೆ.

ಮುಂದೆ ಹೋಗುವ ಮೊದಲು ಎರಡು ತಪಾಸಣೆ. ಎಷ್ಟು ಶೇಕಡಾ ರೀಡ್‌ಗಳು ಬೆಕ್ಕಿನ ಜೀನೋಮ್‌ಗೆ ಕೂತವು? ರಕ್ತ ಅಥವಾ ಅಂಗಾಂಶದ ಮಾದರಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೂರಬೇಕು. ಸ್ವಾಬ್‌ನಲ್ಲಿ ಕಡಿಮೆಯಾದರೆ ಉಳಿದದ್ದು ಬಾಯಿಯ ಬ್ಯಾಕ್ಟೀರಿಯಾ ಇರಬಹುದು. ಎರಡನೆಯದು, ಎಕ್ಸ್ ಕ್ರೋಮೋಸೋಮ್‌ನ ಕವರೇಜ್ ನೋಡಿ. ಹೆಣ್ಣಾದರೆ ಉಳಿದ ಕ್ರೋಮೋಸೋಮ್‌ಗಳಷ್ಟೇ, ಗಂಡಾದರೆ ಅದರ ಅರ್ಧ. ಇದು ಹೊಂದದಿದ್ದರೆ ಮಾದರಿ ಅದಲುಬದಲಾಗಿದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಉಳಿದದ್ದು. ಕ್ಯಾಲಿಕೊ ಗಂಡು ಬೆಕ್ಕಾದರೆ ಮಾತ್ರ ಬೇರೆ ಕತೆ. ಅಂಥವಕ್ಕೆ ಸಾಮಾನ್ಯವಾಗಿ ಎರಡು ಎಕ್ಸ್, ಒಂದು ವೈ ಇರುತ್ತದೆ.

ವೇರಿಯಂಟ್ ಹುಡುಕಲು ಬಿಸಿಎಫ್‌ಟೂಲ್ಸ್ ಅಥವಾ ಡೀಪ್‌ವೇರಿಯಂಟ್ ಬಳಸಿ. ಗಂಡು ಬೆಕ್ಕಿನ ಎಕ್ಸ್ ಒಂದೇ ಪ್ರತಿ ಎಂದು ಪ್ರೋಗ್ರಾಂಗೆ ನೀವೇ ಹೇಳಬೇಕಾಗಬಹುದು. ಹಲವು ಸಲಕರಣೆಗಳಲ್ಲಿ ಮೊದಲೇ ಇಟ್ಟಿರುವ ಸೆಟ್ಟಿಂಗ್ ಮನುಷ್ಯರದ್ದು. ಕೊನೆಗೆ ಹಲವು ದಶಲಕ್ಷ ಸಾಲುಗಳ ವಿಸಿಎಫ್ ಫೈಲ್, ಅಂದರೆ ವೇರಿಯಂಟ್‌ಗಳ ಪಟ್ಟಿ ಸಿಗುತ್ತದೆ. ಅದನ್ನು ನೋಡಿ ಹೆದರಬೇಡಿ, ಪೂರ್ತಿ ಓದುವ ಅಗತ್ಯವೇ ಇಲ್ಲ.

ಬಣ್ಣದ ಪರೀಕ್ಷೆ

ಈಗ ನನಗೆ ತುಂಬಾ ಇಷ್ಟವಾದ ಭಾಗ. ಸಿಡ್ನಿ ವಿಶ್ವವಿದ್ಯಾಲಯದ ಓಮಿಯಾ ಡೇಟಾಬೇಸ್‌ನಲ್ಲಿ ಪ್ರಾಣಿಗಳ ಅನುವಂಶಿಕ ಗುಣಗಳು, ಅವಕ್ಕೆ ಕಾರಣವಾದ ವೇರಿಯಂಟ್‌ಗಳು ಪಟ್ಟಿಯಾಗಿವೆ. ಬೆಕ್ಕಿನ ಬಣ್ಣಗಳನ್ನು ಅಲ್ಲಿಂದ ತೆಗೆದುಕೊಳ್ಳಿ. ಆದರೆ ಅಲ್ಲಿರುವ ಜಾಗದ ಸಂಖ್ಯೆ ಬೇರೆ ಆವೃತ್ತಿಯದ್ದಾಗಿರಬಹುದು. ಸಂಖ್ಯೆಯನ್ನು ನಂಬುವ ಬದಲು ವೇರಿಯಂಟ್‌ನ ಅಕ್ಕಪಕ್ಕದ 50–100 ಬೇಸ್ ತೆಗೆದುಕೊಂಡು ನಿಮ್ಮ ರೆಫರೆನ್ಸ್‌ನಲ್ಲಿ ಬ್ಲಾಸ್ಟ್ (ಹೋಲುವ ಡಿಎನ್‌ಎ ಹುಡುಕುವ ಪ್ರೋಗ್ರಾಂ) ಮಾಡಿ ಜಾಗ ಕಂಡುಹಿಡಿಯಿರಿ. ಆಮೇಲೆ ರೀಡ್‌ಗಳನ್ನು ಚಿತ್ರವಾಗಿ ತೋರಿಸುವ ಐಜಿವಿ ಎಂಬ ಪ್ರೋಗ್ರಾಂನಲ್ಲಿ ಬ್ಯಾಮ್ ಫೈಲ್ ತೆರೆದು ರೀಡ್‌ಗಳನ್ನು ಕಣ್ಣಾರೆ ನೋಡಿ.

ಚುಕ್ಕಿಯ ಬೂದು ಬಣ್ಣದಿಂದ ಶುರು ಮಾಡೋಣ. ಕಪ್ಪು ಬೂದಾಗುವುದು, ಕಿತ್ತಳೆ ಕೆನೆಯಾಗುವುದು ಎರಡೂ ಒಂದೇ ಜೀನ್‌ನ ಕೆಲಸ. ಅದರ ಹೆಸರು ಎಂಎಲ್‌ಪಿಎಚ್. ಅದರಲ್ಲಿ ಒಂದೇ ಒಂದು ಬೇಸ್ ಬಿಟ್ಟುಹೋಗಿದೆ. ಬಣ್ಣದ ಕಣಗಳು ಕೂದಲಿನಲ್ಲಿ ಸಮನಾಗಿ ಹರಡದೆ ಗುಂಪುಗೂಡುತ್ತವೆ, ಬಣ್ಣ ತೆಳುವಾಗಿ ಕಾಣುತ್ತದೆ. ಬೂದು ಬೆಕ್ಕಿನಲ್ಲಿ ಎರಡೂ ಪ್ರತಿ ಹೀಗಿರಬೇಕು, ಅಂದರೆ ಆ ಜಾಗದಲ್ಲಿ ಎಲ್ಲ ರೀಡ್‌ಗಳಲ್ಲೂ ಸಣ್ಣ ಖಾಲಿ ಕಾಣಬೇಕು. ಪಟ್ಟೆಯಿಲ್ಲದ ತೇಪೆಗೆ ಕಾರಣ ಎಎಸ್‌ಐಪಿ, ಅಂದರೆ ಅಗೂಟಿ ಜೀನ್. ಅದರಲ್ಲಿ 2 ಬೇಸ್ ಬಿಟ್ಟುಹೋಗಿದ್ದು ಎರಡೂ ಪ್ರತಿಯಲ್ಲಿ ಕಾಣಬೇಕು. ಇವೆರಡೂ ಸರಿಬಂದರೆ ಸಣ್ಣ ಬಿಟ್ಟುಹೋದ ಜಾಗಗಳನ್ನು ನಿಮ್ಮ ಕೆಲಸದ ಸರಣಿ ಸರಿಯಾಗಿ ಹಿಡಿಯುತ್ತಿದೆ ಎಂದರ್ಥ.

ಕೆನೆಬಣ್ಣ ಇನ್ನೊಂದು ಹಂತ ಕಠಿಣ. ಕಿತ್ತಳೆ ಬಣ್ಣದ ಜೀನ್ ಎಕ್ಸ್ ಮೇಲಿದೆ ಎಂಬುದು ನೂರು ವರ್ಷಗಳಿಂದ ಗೊತ್ತಿತ್ತು, ಆದರೆ ಯಾವ ಜೀನ್ ಎಂದು ಗೊತ್ತಿರಲಿಲ್ಲ. ಅದು ಬಯಲಾಗಿದ್ದು ತೀರಾ ಇತ್ತೀಚೆಗೆ. ಸ್ಟ್ಯಾನ್‌ಫರ್ಡ್‌ನ ಗ್ರೆಗ್ ಬಾರ್ಶ್ ತಂಡ ಮತ್ತು ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಹಿರೋಯುಕಿ ಸಸಾಕಿ ತಂಡ ಬೇರೆಬೇರೆಯಾಗಿ ಹುಡುಕಿ ಒಂದೇ ಉತ್ತರಕ್ಕೆ ಬಂದವು. 2025ರಲ್ಲಿ ಎರಡೂ ಪ್ರಕಟವಾದವು. ಎಆರ್‌ಎಚ್‌ಜಿಎಪಿ36 ಎಂಬ ಜೀನ್ ಇರುವ ಜಾಗದಲ್ಲಿ ಸುಮಾರು 5,100 ಬೇಸ್‌ಗಳ ತುಂಡೇ ಕಾಣೆಯಾಗಿದೆ. ಅದರಿಂದ ಆ ಜೀನ್ ಬಣ್ಣದ ಜೀವಕೋಶಗಳಲ್ಲಿ ಕೆಲಸ ಮಾಡಬಾರದ ಹೊತ್ತಿನಲ್ಲಿ ಕೆಲಸ ಮಾಡಿ, ಕಪ್ಪು ತಯಾರಿಕೆ ನಿಲ್ಲಿಸಿ ಕಿತ್ತಳೆ ತಯಾರಿಸುತ್ತದೆ.

ಇಷ್ಟು ದೊಡ್ಡ ತುಂಡು ಸಾಮಾನ್ಯ ವೇರಿಯಂಟ್ ಪಟ್ಟಿಯಲ್ಲಿ ಬರುವುದಿಲ್ಲ. ಮಾಂಟಾ ಅಥವಾ ಡೆಲ್ಲಿಯಂಥ ಬೇರೆ ಪ್ರೋಗ್ರಾಂ ಬೇಕು. ಆದರೆ ಐಜಿವಿಯಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಪೂರ್ತಿ ಕಿತ್ತಳೆ ಗಂಡು ಬೆಕ್ಕಿನಲ್ಲಿ ಆ 5,100 ಬೇಸ್ ಉದ್ದಕ್ಕೂ ಒಂದು ರೀಡೂ ಇರುವುದಿಲ್ಲ. ಚುಕ್ಕಿಯಲ್ಲಿ ಕವರೇಜ್ ಅಲ್ಲಿ ಅರ್ಧಕ್ಕೆ ಇಳಿದು, ದಾಟಿದ ಕೂಡಲೇ ಮತ್ತೆ ಏರುತ್ತದೆ. ಒಂದು ಎಕ್ಸ್‌ನಲ್ಲಿ ಆ ತುಂಡು ಇದೆ, ಇನ್ನೊಂದರಲ್ಲಿ ಕಾಣೆಯಾಗಿದೆ. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಒಂದು ಎಕ್ಸ್ ಮಾತ್ರ ಎಚ್ಚರವಾಗಿರುತ್ತದೆ, ಇನ್ನೊಂದು ಮುಚ್ಚಿಕೊಂಡಿರುತ್ತದೆ. ಬೂದು ತೇಪೆ, ಕೆನೆ ತೇಪೆ ಬಂದಿದ್ದು ಹಾಗೆ. ಪರದೆಯ ಮೇಲೆ ಆ ಅರ್ಧದ ಇಳಿತ ನೋಡಿ, ಪಕ್ಕದಲ್ಲಿ ಮಲಗಿರುವ ಬೆಕ್ಕಿನ ಬೆನ್ನು ನೋಡುವಾಗ ಆಗುವ ಸಂತೋಷ ನಿಮಗೂ ಸಿಗಲಿ ಅಂತಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಕಾಣೆಯಾದ ಈ ತುಂಡು ಪ್ರೋಟೀನ್ ಬರೆಯುವ ಭಾಗದ್ದಲ್ಲ. ವೇರಿಯಂಟ್‌ನ ಪರಿಣಾಮ ಅಂದಾಜಿಸುವ ವಿಇಪಿಯಂಥ ಸಲಕರಣೆಗಳು ಇಂಥದ್ದಕ್ಕೆ ದೊಡ್ಡ ಪರಿಣಾಮವಿಲ್ಲ ಎಂಬ ಹಣೆಪಟ್ಟಿ ಹಚ್ಚುತ್ತವೆ. ಇಡೀ ಬೆಕ್ಕಿನ ಬಣ್ಣ ಬದಲಾಗಿದ್ದು ಅದರಿಂದಲೇ. ಹಾಗಾಗಿ ಹಣೆಪಟ್ಟಿ ನೋಡಿ ವೇರಿಯಂಟ್‌ಗಳನ್ನು ಎಸೆಯಬೇಡಿ.

ಬಿಳಿಯ ಕತೆ ಎಲ್ಲಕ್ಕಿಂತ ವಿಚಿತ್ರ. ಕಿಟ್ ಎಂಬ ಜೀನ್‌ನ ಮೊದಲ ಇಂಟ್ರಾನ್‌ನಲ್ಲಿ (ಜೀನ್‌ನೊಳಗೆ ಪ್ರೋಟೀನ್ ಬರೆಯದ ಭಾಗ) ಹಳೆಯ ವೈರಸ್ ಒಂದು ಬಂದು ಕೂತಿದೆ, ಸುಮಾರು 7,000 ಬೇಸ್ ಉದ್ದ. ಪೂರ್ತಿ ವೈರಸ್ ಇದ್ದರೆ ಬಿಳಿ ಮಚ್ಚೆಗಳು. ಅದರ ತುದಿಯ ತುಣುಕಷ್ಟೇ ಉಳಿದಿದ್ದರೆ ಬೆಕ್ಕು ಪೂರ್ತಿ ಬಿಳಿ, ಕೆಲವಕ್ಕೆ ಕಿವುಡು ಕೂಡ. ಸಣ್ಣ ರೀಡ್‌ಗಳಲ್ಲಿ ಇದನ್ನು ಹಿಡಿಯುವುದು ಕಷ್ಟ. 150 ಬೇಸ್ ರೀಡ್ ಆ ವೈರಸ್ಸನ್ನು ದಾಟುವುದೇ ಇಲ್ಲ. ಕಾಣುವುದು ಅಂಚು ಮಾತ್ರ: ಒಂದೇ ಜಾಗಕ್ಕೆ ಬಂದು ರೀಡ್‌ಗಳ ಅರ್ಧ ಭಾಗ ಹೊಂದದೆ ಕತ್ತರಿಸಿಹೋಗಿರುತ್ತದೆ, ಜೋಡಿ ರೀಡ್‌ಗಳು ಬೇರೆ ಕ್ರೋಮೋಸೋಮ್‌ಗಳಿಗೆ ಹೋಗಿ ಕೂತಿರುತ್ತವೆ. ಪ್ಯಾಕ್‌ಬಯೋ ಅಥವಾ ನ್ಯಾನೊಪೋರ್‌ನ ಉದ್ದ ರೀಡ್ ಇದ್ದರೆ ಒಂದೇ ರೀಡ್ ಈ ಕಡೆಯಿಂದ ಆ ಕಡೆಗೆ ದಾಟಿಬಿಡುತ್ತದೆ.

ನಿಮ್ಮ ಬೆಕ್ಕು ಬೇರೆ ಥರದ್ದಾದರೆ ಜೀನ್‌ಗಳೂ ಬೇರೆ. ಸಯಾಮೀಸ್ ಆದರೆ ಟಿವೈಆರ್ ನೋಡಿ. ಅಲ್ಲಿ ಒಂದೇ ಬೇಸ್ ಬದಲಾಗಿ ಕಿಣ್ವ ದೇಹದ ತಂಪಾದ ಭಾಗದಲ್ಲಷ್ಟೇ ಕೆಲಸ ಮಾಡುತ್ತದೆ. ಕಿವಿ, ಮೂತಿ, ಬಾಲ ಕಪ್ಪಾಗುವುದು ಅದಕ್ಕೇ. ಉದ್ದ ಕೂದಲಿಗೆ ಎಫ್‌ಜಿಎಫ್5. ಸ್ಫಿಂಕ್ಸ್‌ನ ಬೋಳು ಮೈಗೆ ಕೆಆರ್‌ಟಿ71.

ಪಟ್ಟಿಯಲ್ಲಿ ಕಾಣದೇ ಇರುವುದು

ಬೆಕ್ಕಿಗೆ ಸಿಹಿ ರುಚಿ ಗೊತ್ತಾಗುವುದಿಲ್ಲ. ಸಿಹಿ ಗ್ರಹಿಸುವ ಟಿಎಎಸ್1ಆರ್2 ಜೀನ್‌ನಲ್ಲಿ 247 ಬೇಸ್ ಬಿಟ್ಟುಹೋಗಿ ಅದು ಕೆಲಸಕ್ಕೆ ಬಾರದಂತಾಗಿದೆ. 2005ರಲ್ಲಿ ಇದು ಪ್ರಕಟವಾಯಿತು. ಇದನ್ನು ನಿಮ್ಮ ವಿಸಿಎಫ್‌ನಲ್ಲಿ ಹುಡುಕಿ ನೋಡಿ, ಸಿಗುವುದಿಲ್ಲ. ರೆಫರೆನ್ಸ್ ಬೆಕ್ಕಿನಲ್ಲೂ ಅದು ಹಾಗೇ ಇದೆ, ವ್ಯತ್ಯಾಸವೇ ಇಲ್ಲದ ಮೇಲೆ ಪಟ್ಟಿಗೆ ಬರುವುದೆಲ್ಲಿಂದ? ಅದನ್ನು ಕಾಣಬೇಕಾದರೆ ನಾಯಿ ಅಥವಾ ಮನುಷ್ಯರ ಅದೇ ಜೀನ್‌ಗೆ ಹೋಲಿಸಬೇಕು.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲೂ ಬೆಕ್ಕಿಗೆ ವಿಶೇಷವಾದ ಬಲೆಯಿದೆ. ಅದಕ್ಕೆ ತನ್ನದೇ ಆದ ಡಿಎನ್‌ಎ ಇರುತ್ತದೆ, ಸುಮಾರು 17,000 ಬೇಸ್. ಎಷ್ಟೋ ಕಾಲದ ಹಿಂದೆ ಅದರ 7,900 ಬೇಸ್‌ನಷ್ಟು ತುಂಡು ಡಿ2 ಕ್ರೋಮೋಸೋಮ್‌ಗೆ ಹೋಗಿ ಸೇರಿ, ಅಲ್ಲಿ ಸಾಲಾಗಿ 38ರಿಂದ 76 ಪ್ರತಿಗಳಾಯಿತು. 1994ರಲ್ಲಿ ಇದನ್ನು ವರದಿ ಮಾಡಿದವರು ಇಂಥ ತುಂಡುಗಳಿಗೆ ನಮ್ಟ್ ಎಂದು ಹೆಸರಿಟ್ಟರು. ಈಗ ಎಲ್ಲ ಪ್ರಾಣಿಗಳಲ್ಲೂ ಇದೇ ಹೆಸರು ಬಳಕೆಯಲ್ಲಿದೆ. ಆ ಹಳೆಯ ಪ್ರತಿಗಳ ರೀಡ್‌ಗಳು ತಪ್ಪಿ ಮೈಟೊಕಾಂಡ್ರಿಯಾದ ಮೇಲೆ ಕೂತರೆ ಇಲ್ಲದ ವೇರಿಯಂಟ್‌ಗಳು ಇದ್ದಂತೆ ಕಾಣುತ್ತವೆ. ಅಲ್ಲಿ ಕೆಲವೇ ರೀಡ್‌ಗಳಲ್ಲಿ ಕಾಣುವ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಈಗ ರೋಗದ ಕಡೆ

ಬಣ್ಣಗಳೆಲ್ಲ ಹೊಂದಿದ ಮೇಲೆ ಇಲ್ಲಿಗೆ ಬನ್ನಿ. ತಳಿ ಗೊತ್ತಿದ್ದರೆ ಅದಕ್ಕೆ ಸಂಬಂಧಿಸಿದ್ದನ್ನು ಮೊದಲು ನೋಡಿ. ಮೇನ್ ಕೂನ್ ಮತ್ತು ರ‍್ಯಾಗ್‌ಡಾಲ್‌ಗಳಲ್ಲಿ ಹೃದಯದ ಗೋಡೆ ದಪ್ಪವಾಗುವ ರೋಗಕ್ಕೆ ಎಂವೈಬಿಪಿಸಿ3 ಜೀನ್‌ನ ಎರಡು ಬೇರೆ ಬೇರೆ ಬದಲಾವಣೆಗಳು ಕಾರಣ. 2005 ಮತ್ತು 2007ರಲ್ಲಿ ಇವು ಪತ್ತೆಯಾದವು. ವೇರಿಯಂಟ್ ಇದ್ದ ಪ್ರತಿ ಬೆಕ್ಕಿಗೂ ರೋಗ ಬರುವುದಿಲ್ಲ. ವೇರಿಯಂಟ್ ಇಲ್ಲದ ಬೆಕ್ಕಿಗೂ ಬರಬಹುದು. ಕೊನೆಯ ಮಾತು ಹೃದಯದ ಸ್ಕ್ಯಾನ್‌ನದ್ದೇ.

ಪರ್ಷಿಯನ್ ಬೆಕ್ಕುಗಳ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬರುವ ರೋಗಕ್ಕೆ ಪಿಕೆಡಿ1 ಜೀನ್‌ನ ಒಂದು ಬೇಸ್ ಬದಲಾವಣೆ ಕಾರಣ. ಒಂದೇ ಪ್ರತಿ ಸಾಕು ರೋಗ ಬರಲು. ಎರಡೂ ಪ್ರತಿಯಲ್ಲಿ ಇದ್ದರೆ ಮರಿ ಹುಟ್ಟುವ ಮುಂಚೆಯೇ ಸಾಯುತ್ತದೆ ಎಂದು ತಜ್ಞರು ಭಾವಿಸುತ್ತಾರೆ. ಹಾಗಾಗಿ ಬದುಕಿರುವ ಬೆಕ್ಕಿನಲ್ಲಿ ಎರಡು ಪ್ರತಿ ಎಂದು ಫಲಿತಾಂಶ ಬಂದರೆ ಮೊದಲು ಅನುಮಾನಿಸಬೇಕಾದ್ದು ನಿಮ್ಮ ವಿಶ್ಲೇಷಣೆಯನ್ನು.

ತಳಿ ಯಾವುದೇ ಇರಲಿ, ಸಿಎಂಎಎಚ್ ಜೀನ್ ನೋಡಿಡಿ. ಬೆಕ್ಕಿನ ಎ ಮತ್ತು ಬಿ ರಕ್ತದ ಗುಂಪು ಅದರ ಮೇಲೆ ನಿಂತಿದೆ. ಬಿ ಗುಂಪಿನ ಬೆಕ್ಕಿಗೆ ಎ ರಕ್ತ ಕೊಟ್ಟರೆ ಪ್ರಾಣಕ್ಕೇ ಕುತ್ತು. ಬಿ ಗುಂಪಿಗೆ ಕಾರಣವಾದ ಬದಲಾವಣೆ ಒಂದಲ್ಲ, ಹಲವಿವೆ. ಅದಕ್ಕೇ ರಕ್ತ ಕೊಡುವ ಮೊದಲು ವೈದ್ಯರು ರಕ್ತವನ್ನೇ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು.

ಇಷ್ಟರ ಆಚೆಗೆ, ಯಾರೂ ವರದಿ ಮಾಡದ ವೇರಿಯಂಟ್ ಒಂದು ಮುಖ್ಯವಾದ ಜೀನ್‌ನಲ್ಲಿ ಕಂಡರೆ ಅದನ್ನು ರೋಗ ಎಂದು ಕರೆಯಬೇಡಿ. 99 ಲೈವ್ಸ್ ಡೇಟಾದಲ್ಲಿ ಆರೋಗ್ಯವಾಗಿರುವ ಎಷ್ಟು ಬೆಕ್ಕುಗಳಲ್ಲಿ ಅದಿದೆ ನೋಡಿ. ಬಹಳ ಬೆಕ್ಕುಗಳಲ್ಲಿ ಸಿಕ್ಕರೆ ಅದು ನೀವು ಹುಡುಕುತ್ತಿರುವ ಅಪರೂಪದ ರೋಗದ ಕಾರಣವಾಗಿರುವ ಸಾಧ್ಯತೆ ಕಡಿಮೆ.

ಕೆಲಸ ಮುಗಿದ ಮೇಲೆ ಕಚ್ಚಾ ರೀಡ್‌ಗಳನ್ನು ಎಸ್‌ಆರ್‌ಎ ಅಥವಾ ಯುರೋಪಿನ ಇಎನ್‌ಎ ಸಂಗ್ರಹಕ್ಕೆ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ತಳಿಯಿಲ್ಲದ ಬೀದಿಬೆಕ್ಕುಗಳ ಡೇಟಾ ಕೂಡ ಹೆಚ್ಚು ಬೇಕು. ಸೇರಿಸುವಾಗ ಮಾದರಿಯ ಫಾರಂನಲ್ಲಿ ಲಿಂಗ, ವಯಸ್ಸು, ಬಣ್ಣ, ಕೂದಲ ಉದ್ದ, ಯಾವ ಅಂಗಾಂಶ ಎಂಬುದನ್ನು ಪೂರ್ತಿ ತುಂಬಿ. ಬಣ್ಣದ ಜಾಗದಲ್ಲಿ ಬರೀ ಕ್ಯಾಲಿಕೊ ಎಂದು ಬಿಡದೆ, ಬೂದು ಮತ್ತು ಕೆನೆ, ಪಟ್ಟೆಯಿಲ್ಲ, ಹೊಟ್ಟೆ ಮತ್ತು ಕಾಲು ಬಿಳಿ ಎಂದು ಬಿಡಿಸಿ ಬರೆಯಿರಿ. ಆ ರೀಡ್‌ಗಳನ್ನು ಇಳಿಸಿಕೊಂಡು ತಮ್ಮ ವಿಶ್ಲೇಷಣೆ ಸರಿಯಿದೆಯಾ ಎಂದು ನೋಡುವವರಿಗೆ ಬೇಕಾಗುವುದು ಇದೇ ವಿವರ.